ಜರಡಿ

ಇದಕ್ಕೆ ಇಲ್ಲಿ ಜರಡಿ ಹಿಡಿಯುವುದು ಎಂದೇ ಹೆಸರು.
ಹೆಸರಿಲ್ಲ, ವಯಸ್ಸಿಲ್ಲ, ಓದಿದ ಶಾಲೆಯ ಮೇಲೆ
ಮಸಿ ಬಳಿದ ಹಾಗೆ ಕಪ್ಪು ಪಟ್ಟಿ.
ಸ್ವಾನ್ಸೀ ಗುಡ್ಡದ ಮೇಲಿನ ಸರ್ಕಾರಿ ಕಚೇರಿಯಲ್ಲಿ
ಗುಮಾಸ್ತಿಕೆಯ ಒಂಬತ್ತು ಜಾಗಕ್ಕೆ
ಮುನ್ನೂರ ಹನ್ನೆರಡು ಅರ್ಜಿ,
ಎಲ್ಲವನ್ನೂ ಮೂವರೂ ಓದಬೇಕು, ಶುಕ್ರವಾರದೊಳಗೆ.

ನಮಗೆ ಕಾಣುವುದು ನಂಬರು, ಮತ್ತೆ ಇನ್ನೂರೈವತ್ತು ಪದ.
ಇನ್ನೂರೈವತ್ತೊಂದನೆಯದು ಪೆಟ್ಟಿಗೆಗೆ ಹಿಡಿಸುವುದಿಲ್ಲ,
ವಾಕ್ಯ ಮುಗಿದಿರಲಿ, ಬಿಡಲಿ.
ಒಂದರಿಂದ ಏಳು ಅಂಕ. ನಾಲ್ಕು ಬಂದರೆ ಪಾಸು.
ಯಾವುದಕ್ಕೆ ಎಷ್ಟು ಎಂಬ ಹಾಳೆಯನ್ನು
ಕೆಟಲ್ಲಿನ ಪಕ್ಕ ಗೋಡೆಗೆ ಅಂಟಿಸಿದ್ದೇವೆ;
ಹಬೆಗೆ ಅದರ ಮೂಲೆ ಸುರುಳಿ ಸುತ್ತಿದೆ.

ಮಂಗಳವಾರದ ಹೊತ್ತಿಗೆ ಎಲ್ಲರದೂ ಒಂದೇ ದನಿ:
ನಾನು ಮುಂದಾಳಾದೆ, ನಾನು ಮನವೊಲಿಸಿದೆ,
ನಾನು ಖರ್ಚಿನಲ್ಲಿ ಶೇಕಡಾ ಇಪ್ಪತ್ತು ಉಳಿಸಿದೆ.
ಎಷ್ಟೊಂದು ಶೇಕಡಾ ಇಪ್ಪತ್ತು!
ಎಲ್ಲ ಕೂಡಿಸಿದರೆ
ಈ ದೇಶಕ್ಕೆ ಸಾಲವೇ ಇರಬಾರದಿತ್ತು.

ಆಮೇಲೆ ಇನ್ನೂರ ಆರು.
ಶಾಲೆಯ ಅಡುಗೆಮನೆಗೆ ಹೊಳೆ ನುಗ್ಗಿದ ದಿನ
ತಟ್ಟೆಗಳನ್ನು ಕೈಯಿಂದ ಕೈಗೆ ಮಹಡಿಗೆ ದಾಟಿಸಿದೆವು.
ಒಲೆ ಹತ್ತಲಿಲ್ಲ, ಬ್ರೆಡ್ಡಿಗೆ ಚೀಸು ಒತ್ತಿ ಕೊಟ್ಟೆವು.
ಅಳುತ್ತಿದ್ದ ಒಬ್ಬ ಹುಡುಗನ ಬೂಟು ಬಿಚ್ಚಿ
ಸಾಕ್ಸು ಹಿಂಡಿದೆವು.

"ಒಂದು ಜೊತೆ ಸಾಕ್ಸನ್ನು ಎಷ್ಟು ಜನ ಹಿಂಡುತ್ತಾರೆ?"
ಎಂದ ಇಡ್ರಿಸ್ ಪ್ಯೂ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ:
ಇದರಲ್ಲಿ ನೀವು ಮಾಡಿದ್ದೇನು?
ಮೂರು ಅಂಕ.
ಅವನ ತಪ್ಪಲ್ಲ. ತರಬೇತಿಯಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ:
ನಾವು ಎಂಬುದರ ಬೆನ್ನಿಗೆ
ಯಾವ ಮೈಗಳ್ಳನೂ ಅಡಗಬಹುದು.

ನನ್ನ ಭಾಷೆಯಲ್ಲಾದರೆ
ಒಬ್ಬಳೇ ಮಗಳು ಕೂಡ ನಮ್ಮಮ್ಮ ಎನ್ನುತ್ತಾಳೆ.
ಗಂಡ ನಮ್ಮನೆಯವರು, ಹಲ್ಲುನೋವು ಬಂದರೆ ನಮ್ಮ ಡಾಕ್ಟರು.
ಯಾರೂ ಪಾಲು ಕೇಳಿದವರಿಲ್ಲ.

ಹದಿನಾಲ್ಕು ವರ್ಷದ ಹಿಂದೆ, ಕಾರ್ಡಿಫ್‌ನ ಬಾಡಿಗೆ ಕೋಣೆಯಲ್ಲಿ
ನನ್ನ ಅರ್ಜಿಯಿಂದ ನಾವುಗಳನ್ನು
ಕಳೆಯ ಹಾಗೆ ಕಿತ್ತು
ಒಂದೊಂದರ ಗುಳಿಗೂ ಒಂದೊಂದು ನಾನು ನೆಟ್ಟೆ.
ಔಷಧಿ ಅಂಗಡಿಯಲ್ಲಿ ಅರ್ಧ ಕೆಲಸ ಮಾಡಿದ ನಸ್ರೀನ್
ಮೂರನೆಯ ಸಾಲಿನಲ್ಲಿದ್ದಳು.
ಹನ್ನೊಂದು ಪದ ಹೆಚ್ಚಾಗಿತ್ತು; ಅವಳನ್ನು ತೆಗೆದೆ.
ಆರು ಬಂತು.
ಅವಳಿಗೆ ಇನ್ನೂ ಹೇಳಿಲ್ಲ.

ಇನ್ನೂರ ಆರಕ್ಕೆ ನಾನು ಐದು ಕೊಟ್ಟಿದ್ದೆ.
ಯಾಕೆ ಎಂದು ಕೇಳಿದರೆ ಗೋಡೆಯ ಹಾಳೆಯಲ್ಲಿ
ನನಗೆ ಕಾರಣ ಸಿಗಲಿಲ್ಲ.
ಗ್ವೆನ್‌ಲಿಯನ್ ಬಿಸ್ಕತ್ತು ಚಹಾಕ್ಕೆ ಅದ್ದುತ್ತ
"ಸಾಕ್ಸು ಹಿಂಡಿದ್ದು ಒಬ್ಬಳೇ ಕಣ್ರೀ, ಹೇಳಿಕೊಳ್ಳಲು ನಾಚಿಕೆ ಅಷ್ಟೆ" ಎಂದಳು.
ಮುಕ್ಕಾಲು ಗಂಟೆ ಜಗ್ಗಾಡಿ
ನಾಲ್ಕಕ್ಕೆ ಒಪ್ಪಿದೆವು. ಪಾಸು.

ಗುರುವಾರ ಮೇಲಿನವರಿಂದ ಒಂದೇ ಸಾಲು ಬಂತು:
ಪಾಸಾದವರು ಹೆಚ್ಚಾದರು, ಗೆರೆಯನ್ನು ಐದಕ್ಕೆ ಏರಿಸಿ.
ಏರಿತು.
ಹುಡುಗಿಯೋ, ಅಜ್ಜಿಯೋ, ಮೀಸೆ ಹೊತ್ತ ಅಡುಗೆಯವನೋ,
ನಂಬರಿನ ಹಿಂದೆ ಇದ್ದವರು ಯಾರೋ
ಗೆರೆಯ ಕೆಳಗೆ ಉಳಿದರು.

ಪತ್ರ ಮೊದಲೇ ಸಿದ್ಧ, ನಂಬರು ತುಂಬಿದರೆ ಸಾಕು.
ನಿಮ್ಮ ಅರ್ಜಿಯನ್ನು ನಾವು ಕೂಲಂಕಷವಾಗಿ ಪರಿಶೀಲಿಸಿದೆವು.
ಈ ಸಲ ಆಯ್ಕೆ ಮಾಡಲಾಗದ್ದಕ್ಕೆ ನಾವು ವಿಷಾದಿಸುತ್ತೇವೆ.
ಈ ಹಂತದಲ್ಲಿ ಕಾರಣ ತಿಳಿಸುವ ಪದ್ಧತಿ ನಮ್ಮಲ್ಲಿಲ್ಲ.

ಇಡ್ರಿಸ್‌ನನ್ನು ಕರೆದು ತೋರಿಸಿದೆ.
ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದ, ನಕ್ಕ,
ಕಪ್ಪುಗಳನ್ನೆತ್ತಿಕೊಂಡು ತೊಳೆಯಲು ಹೋದ.
ಅವನ ಪೆನ್ಸಿಲ್ಲು ಮೇಜಿನ ಮೇಲೇ ಉಳಿದಿತ್ತು.
ಎರಡನೆಯ ನಾವು ಎಂಬಲ್ಲಿ ಗುಂಡು ಸುತ್ತಿ
ಅಂಚಿನಲ್ಲಿ ಬರೆದೆ:
ಇದರಲ್ಲಿ ನೀವು ಮಾಡಿದ್ದೇನು?

ಆಮೇಲೆ ರಬ್ಬರಿನಿಂದ ಉಜ್ಜಿ, ಊದಿ,
ಕಳಿಸುವ ತಟ್ಟೆಗೆ ಹಾಕಿದೆ.